ಬೈಪಾಸ್ ಬಿಟ್ಟು ಹೊತ್ತು ಹಿಡಿಯಿರಿ: ದಾವಣಗೆರೆಯಿಂದ ಜೈಪುರದವರೆಗೆ ಊರೂರಿನ ಊಟ

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್ ಕೊನೆಯಲ್ಲಿ ಕಾರಿನಲ್ಲಿ ಜೈಪುರಕ್ಕೆ ಹೋಗಿಬರಬೇಕೆಂದಿದ್ದೇವೆ. ನಾವಿಬ್ಬರು, ಹೈಸ್ಕೂಲಿನಲ್ಲಿರುವ ಮಗಳು, 68 ವರ್ಷದ ಅಮ್ಮ. ಅಮ್ಮ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ, ಖಾರವೂ ಆಗದು. ಎರಡು ವರ್ಷದ ಹಿಂದೆ ಪುಣೆಗೆ ಹೋದಾಗ ಮೂರು ದಿನವೂ ಪನೀರ್ ಬಟರ್ ಮಸಾಲಾ, ಇಲ್ಲವೇ ರಬ್ಬರಿನಂಥ ದೋಸೆಯೇ ಗತಿಯಾಯಿತು. ಈ ಸಲ ಆಯಾ ಊರಿನವರು ತಿನ್ನುವುದನ್ನೇ ತಿನ್ನಬೇಕು ಎಂದಿದೆ. ಹುಡುಕುವುದು ಹೇಗೆ? ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ: ಪುಣೆ ದಾರಿಯಲ್ಲಿ ನಿಮಗೆ ಆದದ್ದೇ ಪುಣೆಯಿಂದ ನಿಮ್ಮೂರಿಗೆ ಬರುವವರಿಗೂ ಆಗುತ್ತದೆ. ಮಧ್ಯಾಹ್ನ ಮೂರಕ್ಕೆ ದಾವಣಗೆರೆ ಬೈಪಾಸಿನಲ್ಲಿ ಕಾರು ನಿಲ್ಲಿಸುತ್ತಾರೆ, ಕಣ್ಣಿಗೆ ಬಿದ್ದ ದೊಡ್ಡ ಹೋಟೆಲ್ಲಿನಲ್ಲಿ ಬಟರ್ ನಾನ್ ತಿನ್ನುತ್ತಾರೆ, ಈ ಊರಲ್ಲಿ ತಿನ್ನೋಕೆ ಏನೂ ಇಲ್ಲ ಅಂದುಕೊಂಡು ಬೆಂಗಳೂರು ಕಡೆ ಹೊರಡುತ್ತಾರೆ. ನಾಲ್ಕೈದು ಕಿಲೋಮೀಟರ್ ಒಳಗೆ ಬಂದಿದ್ದರೆ, ಇನ್ನೊಂದು ಗಂಟೆ ತಡೆದಿದ್ದರೆ, ಭಟ್ಟಿಯಿಂದ ಆಗಷ್ಟೇ ಬಂದ ಮಂಡಕ್ಕಿಯೂ ಎಣ್ಣೆಗೆ ಬೀಳುತ್ತಿರುವ ಮಿರ್ಚಿಯೂ ಸಿಗುತ್ತಿದ್ದವು. ಅವರು ತಪ್ಪಿದ್ದು ಎರಡು ಕಡೆ: ಜಾಗ ಮತ್ತು ಹೊತ್ತು. ಜಾಗವನ್ನು ನಕ್ಷೆ ತೋರಿಸುತ್ತದೆ. ಹೊತ್ತನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಹೆಚ್ಚಿನವರು ಎಡವುವುದು ಅಲ್ಲೇ.

ಮೊದಲು ಜಾಗದ ಮಾತು. ನಿಮ್ಮೂರ ನಡುವೆ ಹಾದುಹೋಗುವ ಪಿ.ಬಿ. ರಸ್ತೆ ಎಂದರೆ ಪೂನಾ–ಬೆಂಗಳೂರು ರಸ್ತೆ. ಹಾವೇರಿಯಲ್ಲಿ, ಹುಬ್ಬಳ್ಳಿ–ಧಾರವಾಡದಲ್ಲಿ, ಬೆಳಗಾವಿಯಲ್ಲಿ ಇದೇ ಹೆಸರು ಸಿಗುತ್ತದೆ. ಲಾರಿ, ಬಸ್ಸು ಎಲ್ಲ ಊರೊಳಗಿಂದಲೇ ಹೋಗುತ್ತಿದ್ದ ಕಾಲದಲ್ಲಿ ಹುಟ್ಟಿದ ಖಾನಾವಳಿಗಳು ಈ ರಸ್ತೆಯ ಆಸುಪಾಸಿನಲ್ಲೇ ಉಳಿದಿವೆ. ಇಂದಿನ ರಾಷ್ಟ್ರೀಯ ಹೆದ್ದಾರಿ 48 ಊರನ್ನು ಬಳಸಿ ಹೋಗುತ್ತದೆ, ಅದರ ಬದಿಯ ಹೋಟೆಲ್ಲುಗಳಿಗೆ ಊರಿನ ಗಿರಾಕಿಯೇ ಬೇಕಾಗಿಲ್ಲ. ಆದ್ದರಿಂದ ಯಾವ ಊರಾದರೂ ಸರಿ, ‘ಹಳೆ ಹೆದ್ದಾರಿ’ ಯಾವುದು ಎಂದು ಕೇಳಿ ಒಳಗೆ ಹೋಗಿ. ಹೋಗಿ ಬರಲು ಆರೆಂಟು ಕಿಲೋಮೀಟರ್, ಮುಕ್ಕಾಲು ಗಂಟೆ ಹೆಚ್ಚಾಗಬಹುದು. ದಿನಕ್ಕೆ ಎರಡು ಸಲ ಹೀಗೆ ಇಳಿಯುವಷ್ಟು ಸಮಯವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇಲ್ಲದಿದ್ದರೆ ‘ತಡವಾಯ್ತು, ಇಲ್ಲೇ ಏನಾದ್ರೂ ತಿಂದು ಹೋಗೋಣ’ ಅನ್ನುವ ಮಾತು ಬಂದೇ ಬರುತ್ತದೆ.

ಹೆದ್ದಾರಿ ಬದಿಯಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ರುಚಿ ಏಕೆ? ಅಲ್ಲಿನ ಅಡುಗೆಮನೆ ಎರಡು ಮೂರು ಗ್ರೇವಿಗಳ ಮೇಲೆ ನಿಂತಿದೆ: ಈರುಳ್ಳಿ–ಟೊಮೆಟೊದ ಕೆಂಪು, ಗೋಡಂಬಿಯ ಬಿಳಿ, ಪಾಲಕ್‌ನ ಹಸಿರು. ಬೆಳಗ್ಗೆ ಕುದಿಸಿಟ್ಟರೆ ರಾತ್ರಿವರೆಗೆ ಯಾವ ಹೆಸರಿನ ಪಲ್ಯವಾದರೂ ಹತ್ತು ನಿಮಿಷದಲ್ಲಿ ಹೊರಬರುತ್ತದೆ. ನೂರು ಬಗೆಯ ಮೆನು, ಆದರೆ ಪಾತ್ರೆ ಮೂರೇ. ಊರಿನ ಅಡುಗೆ ಇದಕ್ಕೆ ಒಗ್ಗುವುದಿಲ್ಲ. ಬಿಸಿ ಜೋಳದ ರೊಟ್ಟಿಯನ್ನು ಬಡಿದು ಇಟ್ಟುಕೊಳ್ಳಲಾಗದು, ಬೆಣ್ಣೆ ದೋಸೆ ಕಾವಲಿಯಿಂದ ಇಳಿದು ಐದು ನಿಮಿಷವಾದರೆ ಸಪ್ಪೆ.

ಈಗ ಹೊತ್ತು. ನಿಮ್ಮೂರಿನದೇ ಪಟ್ಟಿ ಮಾಡಿ ನೋಡಿ. ಬೆಣ್ಣೆ ದೋಸೆಗೆ ಬೆಳಗ್ಗೆ ಎಂಟರಿಂದ ಹತ್ತೂವರೆ ಒಳ್ಳೆಯ ಹೊತ್ತು. ಕಾವಲಿ ಚೆನ್ನಾಗಿ ಕಾದಿರುತ್ತದೆ, ಹಿಟ್ಟು ಇನ್ನೂ ಹುಳಿಯೇರಿರುವುದಿಲ್ಲ, ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ ಬಿಸಿ ಇರುತ್ತದೆ. ಖಾನಾವಳಿಯ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿಗೆ ಹನ್ನೆರಡೂವರೆಯಿಂದ ಎರಡೂವರೆ. ಮಿರ್ಚಿ, ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿಗೆ ಸಂಜೆ ನಾಲ್ಕರ ಮೇಲೆ. ಈ ಮೂರರ ನಡುವೆ ಬಂದವನಿಗೆ ದಾವಣಗೆರೆಯಲ್ಲಿ ಏನೂ ಇಲ್ಲ. ಬೇರೆ ಊರುಗಳೂ ಹೀಗೆಯೇ ನಡೆಯುತ್ತವೆ, ಗಂಟೆ ಮಾತ್ರ ಬೇರೆ. ಆದ್ದರಿಂದ ಪ್ರಯಾಣದ ಯೋಜನೆಯಲ್ಲಿ ಮೊದಲು ತಿನ್ನುವ ಹೊತ್ತುಗಳನ್ನು ಬರೆದು, ಆಮೇಲೆ ಹೊರಡುವ ಹೊತ್ತುಗಳನ್ನು ಅದಕ್ಕೆ ಹೊಂದಿಸಿ. ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ.

ಹೊರಡುವ ಮುಂಚೆ ಒಂದು ಭಾನುವಾರ ತಾಲೀಮು ಮಾಡಿ. ಚಿತ್ರದುರ್ಗಕ್ಕೆ 60 ಕಿಲೋಮೀಟರ್, ಅಲ್ಲಿಂದ ಚಳ್ಳಕೆರೆಗೆ ಇನ್ನೊಂದು 30. ಅಲ್ಲಿನ ಯಾವ ಹೋಟೆಲ್ಲಿನ ಹೆಸರನ್ನೂ ಮೊದಲೇ ಕೇಳಿಕೊಳ್ಳದೆ ಹೋಗಿ, ಜನರನ್ನು ಕೇಳಿ ಊಟ ಹುಡುಕಿ. ನಿಮ್ಮ ಕಡೆ ಜೋಳದ ರೊಟ್ಟಿ ಮುಖ್ಯ, ದುರ್ಗ ದಾಟಿ ಹಿರಿಯೂರು, ಹೊಸದುರ್ಗದ ಕಡೆ ಹೋದಂತೆ ರಾಗಿ ಮುದ್ದೆ, ಉಪ್ಪೆಸರು ಮೇಲಾಗುತ್ತವೆ. ಚಳ್ಳಕೆರೆಯಲ್ಲಿ ಶೇಂಗಾ ಮತ್ತು ಎಣ್ಣೆ ಮಿಲ್ಲುಗಳು. ಮಳೆ, ಮಣ್ಣು, ಬೆಳೆ ಬದಲಾದ ಕಡೆಯೇ ತಟ್ಟೆಯೂ ಬದಲಾಗುತ್ತದೆ. ಇದನ್ನು ಒಂದು ದಿನ ಕಣ್ಣಾರೆ ನೋಡಿದರೆ, ಗುಜರಾತಿನಲ್ಲಿ ಹೊಲದ ಬೆಳೆ ನೋಡಿಯೇ ಊಟ ಏನಿರಬಹುದು ಎಂದು ಊಹಿಸಲು ಬರುತ್ತದೆ.

ಕೇಳುವುದು ಹೇಗೆ

‘ಇಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ?’ ಎಂದು ಕೇಳಬೇಡಿ. ಕಾರು, ಹೆಂಗಸರು, ಮಕ್ಕಳು ಕಂಡೊಡನೆ ಎದುರಿನವರು ಎಸಿ ಇರುವ, ಮೆತ್ತನೆ ಕುರ್ಚಿಯ ಜಾಗ ತೋರಿಸುತ್ತಾರೆ. ಅದು ಅವರ ಸೌಜನ್ಯ. ‘ನೀವು ಇವತ್ತು ಬೆಳಗ್ಗೆ ಎಲ್ಲಿ ತಿಂಡಿ ತಿಂದ್ರಿ?’ ಎಂದು ಕೇಳಿ, ಉತ್ತರವೇ ಬೇರೆ. ಮಹಾರಾಷ್ಟ್ರದಲ್ಲಿ ‘ಇಥಲಂ ಖಾಸ್ ಕಾಯ್ ಮಿಳ್ತಂ?’ ಅಂದರೆ ಇಲ್ಲಿನ ವಿಶೇಷ ಏನು ಸಿಗುತ್ತದೆ ಎಂದು. ಅಮ್ಮನಿಗಾಗಿ ‘ತಿಖಟ್ ಕಮೀ ಕರಾ’ (ಖಾರ ಕಡಿಮೆ ಮಾಡಿ) ಬಾಯಿಪಾಠ ಆಗಲಿ. ಗುಜರಾತಿನಲ್ಲಿ ‘ಅಹೀನ್ನುಂ ಶೂಂ ವಖಣಾಯ್ ಛೇ?’, ಇಲ್ಲಿನದು ಯಾವುದು ಹೆಸರುವಾಸಿ ಎಂದರ್ಥ. ರಾಜಸ್ಥಾನದಲ್ಲಿ ‘ಆಪ್ ಲೋಗ್ ನಾಶ್ತಾ ಕಹಾಂ ಕರ್ತೇ ಹೈಂ?’ ಸಾಕು.

ಯಾರನ್ನು ಕೇಳುವುದು ಎಂಬುದೂ ಮುಖ್ಯ. ಎಪಿಎಂಸಿ ಯಾರ್ಡಿನ ಹಮಾಲರು, ಆಟೋದವರು, ಬಟ್ಟೆ ಅಂಗಡಿಯ ಹುಡುಗರು ದಿನಾ ಹೊರಗೆ ತಿನ್ನುವವರು, ಕಡಿಮೆ ಹಣಕ್ಕೆ ಹೊಟ್ಟೆ ತುಂಬುವ, ಹೊಟ್ಟೆ ಕೆಡಿಸದ ಜಾಗ ಅವರಿಗೆ ಗೊತ್ತು. ಲಾಡ್ಜಿನ ಕೌಂಟರಿನಲ್ಲಿ ಕೇಳಿದರೆ ಪ್ರವಾಸಿಗಳ ಜಾಗವೇ ಸಿಗುತ್ತದೆ. ಕೊಲ್ಹಾಪುರ, ಅಹಮದಾಬಾದಿನ ಹಳೆಪೇಟೆಗೆ ಕಾರು ಒಯ್ಯಲೇಬೇಡಿ. ಪಾರ್ಕಿಂಗ್‌ನಲ್ಲಿ ಬಿಟ್ಟು ಆಟೋ ಹಿಡಿಯಿರಿ. ಆಟೋದವರೇ ನಿಮ್ಮ ಮೊದಲ ಮಾರ್ಗದರ್ಶಿ.

ಫೋನಿನ ನಕ್ಷೆಯಲ್ಲಿ ಹುಡುಕುವಾಗ ಇಂಗ್ಲಿಷಿನಲ್ಲಿ ಹುಡುಕಿದರೆ ಇಂಗ್ಲಿಷ್ ಬೋರ್ಡಿನ ಹೋಟೆಲ್ಲುಗಳೇ ಮೇಲೆ ಬರುತ್ತವೆ. ಧ್ವನಿ ಟೈಪಿಂಗಿಗೆ ಮರಾಠಿ ಅಥವಾ ಗುಜರಾತಿ ಸೇರಿಸಿಕೊಂಡು ‘ಮಿಸಳ್’, ‘ಲೋಚೋ’ ಎಂದು ಆಯಾ ಊರಿನ ತಿಂಡಿಯ ಹೆಸರನ್ನೇ ಹೇಳಿ ಹುಡುಕಿ. ನಕ್ಷತ್ರಗಳ ಎಣಿಕೆಗಿಂತ ಕಡಿಮೆ ನಕ್ಷತ್ರ ಕೊಟ್ಟವರ ಬೈಗುಳ ಓದುವುದು ಲಾಭ. ‘ಕೂರಲು ಜಾಗವಿಲ್ಲ’, ‘ಹನ್ನೊಂದಕ್ಕೇ ಖಾಲಿ ಅಂದ್ರು’, ‘ಮಾತಾಡಿಸಲ್ಲ’ ಎಂದಿದ್ದರೆ ಹೋಗಿ. ‘ಎಣ್ಣೆ ವಾಸನೆ’, ‘ಹಳಸಿತ್ತು’ ಎಂದು ಇಬ್ಬರು ಬರೆದಿದ್ದರೂ ಬಿಡಿ. ಬೋರ್ಡಿನಲ್ಲಿ ಸೌತ್, ನಾರ್ತ್, ಚೈನೀಸ್ ಮೂರೂ ಇದ್ದರೆ ಅಲ್ಲಿ ಚಹಾ ಕುಡಿಯಬಹುದು, ಊಟ ಬೇಡ. ಬೇರೆ ಊರಿನ ಹೆಸರು ಹೊತ್ತ ಬೋರ್ಡನ್ನೂ ನಂಬಬೇಡಿ. ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಹಲಗೆ ನಾಡಿನ ಎಷ್ಟೋ ಊರುಗಳಲ್ಲಿದೆ, ಅದರಲ್ಲಿ ಎಷ್ಟು ಕಡೆ ನಿಮ್ಮೂರ ದೋಸೆ ಸಿಗುತ್ತದೆ ಎಂಬುದು ನಿಮಗೇ ಗೊತ್ತು.

ದಾರಿಯ ಲೆಕ್ಕ

ಒಟ್ಟು ದಾರಿ ಸುಮಾರು 1,900 ಕಿಲೋಮೀಟರ್. ಹೋಗುವುದಕ್ಕೆ ಏಳು ದಿನ ಇಟ್ಟುಕೊಂಡರೆ ತಿನ್ನಲು ಬಿಡುವಿರುತ್ತದೆ, ನಾಲ್ಕೇ ದಿನ ಎಂದರೆ ಹೆದ್ದಾರಿ ಊಟವೇ ಗಟ್ಟಿ.

ಮೊದಲ ದಿನ ಕೊಲ್ಹಾಪುರ, ಸುಮಾರು 350 ಕಿಲೋಮೀಟರ್. ಬೆಳಗ್ಗೆ ಐದೂವರೆಗೆ ಹೊರಟರೆ ಮಧ್ಯಾಹ್ನ ಒಂದರ ಸುಮಾರಿಗೆ ತಲುಪುತ್ತೀರಿ. ಹುಬ್ಬಳ್ಳಿಯ ಗಿರ್ಮಿಟ್–ಮಿರ್ಚಿಗೆ ಸಂಜೆಯಾಗಬೇಕು, ಅದು ಬರುವಾಗ ಆಗಲಿ. ಬೆಳಗಿನ ತಿಂಡಿ ಧಾರವಾಡದಲ್ಲಿ ಹಗುರವಾಗಿ ಮುಗಿಸಿ, ಏಕೆಂದರೆ ಮುಂದೆ ಹೊಟ್ಟೆಯಲ್ಲಿ ಜಾಗ ಬೇಕು.

ಕೊಲ್ಹಾಪುರದ ಮಧ್ಯಾಹ್ನದ ಊಟ ಎಂದರೆ ಮಟನ್ ತಾಟ: ಒಣ ಮಟನ್, ಜೊತೆಗೆ ತಾಂಬಡಾ ರಸ್ಸಾ (ಕೆಂಪು ಸಾರು), ಪಾಂಢರಾ ರಸ್ಸಾ (ಬಿಳಿ ಸಾರು). ಇಲ್ಲಿ ಎರಡು ಎಚ್ಚರಿಕೆ. ಒಂದು, ಬಿಳಿ ರಸ್ಸಾ ನೋಡಲು ತೆಂಗಿನಹಾಲಿನ ಕಢಿಯಂತಿರುತ್ತದೆ, ಆದರೆ ಅದರ ಮೂಲ ಮಟನ್ ಬೇಯಿಸಿದ ನೀರು. ಅಮ್ಮನ ತಟ್ಟೆಯ ಪಕ್ಕ ಬಟ್ಟಲು ಬಂದು ಕೂತೀತು, ಜೋಕೆ. ಎರಡು, ಬಣ್ಣ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕೆಂಪು ಹೆಚ್ಚು, ಖಾರ ಕಡಿಮೆ. ಅದನ್ನೇ ಕಂಡು ಬೆಳೆದ ನಮ್ಮ ಕಣ್ಣು ಕೊಲ್ಹಾಪುರದಲ್ಲಿ ಮೋಸಹೋಗುತ್ತದೆ. ಅಲ್ಲಿನ ಕಾಂದಾ–ಲಸೂಣ್ ಮಸಾಲೆಯಲ್ಲಿ ಖಾರದ ಮೆಣಸೂ ಸೇರಿರುತ್ತದೆ. ಮೊದಲು ಎರಡು ಚಮಚ ರುಚಿ ನೋಡಿ, ಆಮೇಲೆ ಹಾಕಿಸಿಕೊಳ್ಳಿ. ಖಾರ ಹತ್ತಿದರೆ ನೀರು ಕುಡಿದು ಪ್ರಯೋಜನವಿಲ್ಲ. ಖಾರದ ಅಂಶ ನೀರಿನಲ್ಲಿ ಕರಗದು, ಮೊಸರು ಅಥವಾ ಹಾಲು ಬೇಕು. ಮಾರ್ಗಶಿರ ಮಾಸದ ಗುರುವಾರಗಳಲ್ಲಿ ಅನೇಕ ಮರಾಠಿ ಮನೆಗಳಲ್ಲಿ ಲಕ್ಷ್ಮೀ ವ್ರತ, ಮಾಂಸ ಮಾಡುವುದಿಲ್ಲ. ನಿಮ್ಮ ದಿನ ಗುರುವಾರವಾದರೆ ಖಾನಾವಳಿ ತೆರೆದಿದೆಯೇ ಎಂದು ಮೊದಲೇ ಫೋನು ಮಾಡಿ.

ಅಮ್ಮನಿಗೆ ಅಖ್ಖಾ ಮಸೂರ್ ಕೇಳಿ. ಸಿಪ್ಪೆ ತೆಗೆಯದ ಇಡೀ ಮಸೂರ್ ಕಾಳಿನ ಗಟ್ಟಿ ಪಲ್ಯ, ಕೊಲ್ಹಾಪುರ, ಸಾಂಗ್ಲಿ, ಕರಾಡ್ ಸೀಮೆಯ ಅಚ್ಚುಮೆಚ್ಚು. ಜೊತೆಗೆ ಜೋಳದ ಭಾಕರಿ, ಪಿಠಲ (ಕಡಲೆಹಿಟ್ಟಿನ ಪಲ್ಯ). ಭಾಕರಿ ನಮ್ಮ ರೊಟ್ಟಿಯ ಅಕ್ಕನೇ, ತುಸು ದಪ್ಪ. ‘ಖರ್ಡಾ’ ಎಂದು ಹಸಿಮೆಣಸಿನಕಾಯಿ ಜಜ್ಜಿದ್ದನ್ನು ತಟ್ಟೆಯ ಅಂಚಿಗೆ ಹಾಕುತ್ತಾರೆ, ಅದನ್ನು ಮುಟ್ಟದೆ ಬಿಡಲಿ.

ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಎಂಟಕ್ಕೆ ಮಿಸಳ್. ಮೊಳಕೆ ಬಂದ ಮಡಿಕೆಕಾಳಿನ ಉಸಳಿ, ಮೇಲೆ ಫರಸಾಣ (ಸೇವಿನಂಥ ಕರಿದ ಕುರುಕಲು), ಈರುಳ್ಳಿ, ಪಕ್ಕದಲ್ಲಿ ‘ಕಟ್’ ಎನ್ನುವ ಎಣ್ಣೆ ತೇಲುವ ಕೆಂಪು ಸಾರು. ಕೊಲ್ಹಾಪುರದಲ್ಲಿ ಸಾಮಾನ್ಯವಾಗಿ ಪಾವ್ ಅಲ್ಲ, ಸ್ಲೈಸ್ ಬ್ರೆಡ್ಡು. ನಾಲ್ವರಿಗೆ ಎರಡೇ ತಟ್ಟೆ ಹೇಳಿ, ಕಟ್ ಬೇರೆ ಬಟ್ಟಲಿನಲ್ಲಿ ಕೊಡಲು ಹೇಳಿ. ಎಲ್ಲವನ್ನೂ ಒಟ್ಟಿಗೆ ಸುರಿದುಬಿಟ್ಟರೆ ಫರಸಾಣ ಮೆತ್ತಗಾಗುತ್ತದೆ, ಮಗಳೂ ಅಜ್ಜಿಯೂ ತಿನ್ನಲಾರದಷ್ಟು ಖಾರವಾಗುತ್ತದೆ. ಊರಿನ ಹಾಲಿನ ಕಟ್ಟೆಗಳಲ್ಲಿ ಎಮ್ಮೆಯನ್ನು ಎದುರೇ ಕರೆದು ನೊರೆಹಾಲು ಕೊಡುತ್ತಾರೆ. ನೋಡಬೇಕಾದ ದೃಶ್ಯ ನಿಜ, ಆದರೆ ಕಾಯಿಸದ ಹಾಲು ಅಮ್ಮನಿಗೂ ಮಗಳಿಗೂ ಬೇಡ.

ಎರಡನೇ ದಿನ ಪುಣೆ, 230 ಕಿಲೋಮೀಟರ್. ದಾರಿಯ ನಡುವೆ ಸಾತಾರಾದ ಕಂದೀ ಪೇಢೆ ರುಚಿ ನೋಡಿ. ಧಾರವಾಡದ ಕಂದು ಪೇಢೆಯ ಜೊತೆ ಹೋಲಿಸಿ ನೋಡುವುದೇ ಒಂದು ಆಟ. ಪುಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಹೋಗಿ ಬಂದವರು. ಈ ಸಲ ಹಳೆಪೇಟೆಯೊಳಗೆ ಇಳಿಯಿರಿ, ಅಷ್ಟೇ.

ಮೂರನೇ ದಿನ ಸೂರತ್, 400 ಕಿಲೋಮೀಟರಿಗೆ ಹತ್ತಿರ. ಮುಂಬಯಿಯ ಅಂಚಿನ ಟ್ರಾಫಿಕ್ಕಿನಲ್ಲಿ ಊಟ ಹುಡುಕುವ ಸಾಹಸ ಬೇಡ, ಮನೆಯ ಡಬ್ಬಿ ತೆರೆಯುವ ದಿನ ಇದು. ಆದರೆ ವಾಪಿ ದಾಟಿ ವಲ್ಸಾಡ್ ಹತ್ತಿರ ಬಂದಾಗ ಕಣ್ಣು ತೆರೆದಿರಿ. ಇಲ್ಲಿಯವರೆಗೆ ಹೇಳಿದ ನಿಯಮಕ್ಕೆ ಅಪವಾದ ಇಲ್ಲಿದೆ: ಹೆದ್ದಾರಿಯ ಬದಿಯಲ್ಲೇ ಸಿಗುವ ಅಪ್ಪಟ ಊರಿನ ತಿನಿಸು, ಉಂಬಾಡಿಯುಂ. ಚಪ್ಪಟೆ ಪಾಪಡಿ ಅವರೆ, ಗೆಣಸು, ಕೆಂಪು–ನೇರಳೆ ಗಡ್ಡೆ, ಆಲೂಗಡ್ಡೆಗೆ ಹಸಿರು ಮಸಾಲೆ ಸವರಿ, ಘಮದ ಕಾಡುಸೊಪ್ಪಿನ ಜೊತೆ ಮಣ್ಣಿನ ಮಡಕೆಯಲ್ಲಿ ತುಂಬಿ, ಬಾಯಿ ಮುಚ್ಚಿ, ಮಡಕೆಯನ್ನು ಬೋರಲು ಹಾಕಿ ಸುತ್ತ ಬೆಂಕಿ ಒಟ್ಟುತ್ತಾರೆ. ನೀರಿಲ್ಲ, ಎಣ್ಣೆಯಿಲ್ಲ, ತರಕಾರಿಯ ಆವಿಯಲ್ಲೇ ಬೇಯುತ್ತದೆ. ಚಳಿಗಾಲದಲ್ಲಿ ಮಾತ್ರ ಸಿಗುವುದು, ತೂಕದ ಮೇಲೆ ಮಾರುತ್ತಾರೆ, ನಾಲ್ವರಿಗೆ ಅರ್ಧ ಕಿಲೋ ಸಾಕು. ಮಡಕೆ ನಿಮ್ಮ ಎದುರೇ ತೆರೆಯುತ್ತಿದ್ದರೆ ಕೊಳ್ಳಿ, ತೆರೆದಿಟ್ಟು ಆರಿದ್ದರೆ ಮುಂದಿನ ಗುಡಿಸಿಲಿಗೆ ಹೋಗಿ. ಖಾರ ಹೆಚ್ಚಾಗಿ ಚಟ್ನಿಯಲ್ಲಿ ಇರುತ್ತದೆ, ಚಟ್ನಿ ಬಿಟ್ಟರೆ ಅಮ್ಮನಿಗೆ ಇಡೀ ಪ್ರವಾಸದಲ್ಲೇ ಇದಕ್ಕಿಂತ ಹಗುರವಾದ ತಿನಿಸು ಸಿಗದು.

ಸೂರತ್ತಿನ ಸಂಜೆಗೆ ಪೋಂಕ್. ನಮ್ಮ ಸೀಮೆಯ ಜೋಳದ ಸೀತನಿಯೇ ಇದು: ಹಾಲುಗಾಳು ಜೋಳದ ತೆನೆ ಸುಟ್ಟು ಬಡಿದು ತೆಗೆದ ಹಸಿರು ಕಾಳು. ನಾವು ಹೊಲದ ಬದುವಿನಲ್ಲಿ ಬೆಲ್ಲ, ಶೇಂಗಾ ಹಿಂಡಿ ಜೊತೆ ತಿಂದರೆ, ಸೂರತ್ತಿನವರು ನಿಂಬೆ–ಮೆಣಸಿನ ಸೇವು, ಸಕ್ಕರೆ ಕಾಳು, ಬೆಳ್ಳುಳ್ಳಿ ಚಟ್ನಿ ಜೊತೆ ಪೇಟೆಯಲ್ಲಿ ಮಾರುತ್ತಾರೆ. ಒಂದೇ ಕಾಳು ಸಾವಿರ ಕಿಲೋಮೀಟರಿನಾಚೆ ಬೇರೆ ವೇಷ ತೊಟ್ಟು ನಿಂತಿರುವುದನ್ನು ಮಗಳಿಗೆ ತೋರಿಸಿ. ಅಂದಂದಿನದು ಅಂದೇ ತಿನ್ನಬೇಕು, ಮರುದಿನಕ್ಕೆ ಕಾಳು ಬಿರುಸಾಗುತ್ತದೆ. ಕಟ್ಟಿಸಿಕೊಂಡು ಹೊರಡಬೇಡಿ.

ಮರುದಿನ ಬೆಳಗ್ಗೆ ಲೋಚೋ. ಕಡಲೆಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ ಹಬೆಯಲ್ಲಿ ಬೇಯಿಸಿದ್ದು, ಖಮಣದಂತೆ (ಢೋಕ್ಲಾದ ಬಗೆ) ತುಂಡಾಗದೆ ಮುದ್ದೆಯಾಗಿ ಬರುತ್ತದೆ, ಬರಬೇಕಾದದ್ದೇ ಹಾಗೆ. ‘ಸರಿಯಾಗಿ ಬೆಂದಿಲ್ಲ’ ಎಂದು ತಿರುಗಿಸಿ ಕಳಿಸುವ ಹೊರಗಿನವರು ಇದ್ದಾರೆ. ಮಧ್ಯಾಹ್ನಕ್ಕೆ ಊಂಧಿಯುಂ (ಚಳಿಗಾಲದ ತರಕಾರಿಗಳ ಪಲ್ಯ) ಸಿಕ್ಕರೆ ಕಾಲು ಕಿಲೋ ಮಾತ್ರ ಕೊಳ್ಳಿ. ಎಣ್ಣೆಯಲ್ಲಿ ತೇಲುವ ಪದಾರ್ಥ, ಅಭ್ಯಾಸವಿಲ್ಲದ ಹೊಟ್ಟೆಗೆ ಭಾರ. ಭರೂಚಿನಲ್ಲಿ ಖಾರೀ ಸಿಂಗ್, ಅಂದರೆ ಉಪ್ಪು ಶೇಂಗಾ, ಒಂದು ಪೊಟ್ಟಣ ಕಾರಿನಲ್ಲಿರಲಿ. ಚಳ್ಳಕೆರೆ ಸೀಮೆಯ ಶೇಂಗಾ ತಿಂದು ಬೆಳೆದವರು ಇಲ್ಲಿ ಬೆಲೆ ಕಟ್ಟಬಲ್ಲಿರಿ. ವಡೋದರಾದ ಸೇವ್ ಉಸಳ್ ಮಿಸಳ್‌ನ ತಮ್ಮ, ಆದರೆ ಒಣ ಬಟಾಣಿಯದು.

ನಾಲ್ಕನೇ ರಾತ್ರಿ ಅಹಮದಾಬಾದ್. ಮಾಣೆಕ್ ಚೌಕ್ ಹಗಲು ಚಿನಿವಾರ ಪೇಟೆ, ರಾತ್ರಿ ತಿಂಡಿ ಪೇಟೆ. ಎಲ್ಲರೂ ಹೋಗಿ ಎನ್ನುತ್ತಾರೆ. ಹೋಗಿ, ನೋಡಿ, ಆದರೆ ಚಾಕೊಲೇಟ್ ಸ್ಯಾಂಡ್‌ವಿಚ್ಚಿಗೂ ಊರಿನ ಅಡುಗೆಗೂ ನಂಟು ಕಡಿಮೆ. ಊರಿನ ನಿಜವಾದ ಹಬ್ಬ ಭಾನುವಾರ ಬೆಳಗಿನ ಫಾಫಡಾ–ಜಲೇಬಿ. ಬಿಸಿ ಫಾಫಡಾ (ಕಡಲೆಹಿಟ್ಟಿನ ಕರಿದ ಪಟ್ಟಿ), ಪರಂಗಿಕಾಯಿ ತುರಿಯ ಸಂಭಾರೋ, ಕಡಲೆಹಿಟ್ಟಿನ ಕಢಿ, ಹುರಿದ ಮೆಣಸಿನಕಾಯಿ. ಎಂಟು ಗಂಟೆಗೇ ಸಾಲು ಹತ್ತಿರುತ್ತದೆ. ನಿಮ್ಮ ಲೆಕ್ಕದ ನಾಲ್ಕನೇ ರಾತ್ರಿ ಶನಿವಾರಕ್ಕೆ ಬೀಳುವಂತೆ ದಾವಣಗೆರೆಯಿಂದ ಬುಧವಾರ ಹೊರಟರೆ ಇದು ಸಿಗುತ್ತದೆ. ಹಾಗೆ ಹೊರಟರೆ ಗುರುವಾರ ಬೆಳಗ್ಗೆ ಕೊಲ್ಹಾಪುರದಲ್ಲಿ ನಿಮ್ಮದು ಮಿಸಳ್, ವ್ರತದ ತೊಂದರೆಯೂ ಇಲ್ಲ. ಗುಜರಾತಿನಲ್ಲಿ ಮದ್ಯನಿಷೇಧ ಇರುವುದರಿಂದ ಕಾರಿನಲ್ಲಿ ಬಾಟಲಿ ಇರದಂತೆ ನೋಡಿಕೊಳ್ಳಿ. ದಾಲ್, ಕಢಿ ಸಿಹಿಯಾಗಿರುತ್ತವೆ, ಅದು ಅಲ್ಲಿನ ಹದ. ಸಿಹಿ ಸಾಕಾದರೆ ‘ಕಾಠಿಯಾವಾಡಿ’ (ಸೌರಾಷ್ಟ್ರ ಸೀಮೆಯ ಅಡುಗೆ) ಬೋರ್ಡಿರುವಲ್ಲಿ ಬಾಜ್ರಿ ರೋಟ್ಲೊ (ನಮ್ಮ ಸಜ್ಜೆ ರೊಟ್ಟಿಗಿಂತ ದಪ್ಪ), ಸುಟ್ಟ ಬದನೆಯ ಓಳೊ, ಬೆಲ್ಲ–ತುಪ್ಪ ಕೇಳಿ. ಅಮ್ಮನಿಗೆ ಮನೆಯ ಊಟ ಎನಿಸುತ್ತದೆ.

ಉದಯಪುರಕ್ಕೆ 260 ಕಿಲೋಮೀಟರ್. ಕ್ರಿಸ್‌ಮಸ್ ರಜೆಯಲ್ಲಿ ಉದಯಪುರ, ಜೈಪುರ ಎರಡೂ ಕಿಕ್ಕಿರಿದಿರುತ್ತವೆ, ಕೋಣೆ ಮೊದಲೇ ಹಿಡಿಯಿರಿ. ಉದಯಪುರದಲ್ಲಿ ಒಂದು ದಿನ ಬಿಡುವು ಮಾಡಿಕೊಂಡರೆ ಹೊಟ್ಟೆಗೂ ಬಿಡುವು. ಇಲ್ಲಿ ದಾಲ್–ಬಾಟಿ. ಒರಟು ಗೋಧಿಹಿಟ್ಟಿಗೆ ತುಪ್ಪ ಸೇರಿಸಿ ಕಲಸಿದ ಉಂಡೆಯನ್ನು ಕೆಂಡದಲ್ಲಿ ಬೇಯಿಸಲು ಅರ್ಧ ಗಂಟೆ ಮೇಲೆಯೇ ಬೇಕು. ಹತ್ತು ನಿಮಿಷಕ್ಕೆ ತಂದಿಟ್ಟರೆ ಅದು ಬೆಳಗಿನದು, ಇಲ್ಲವೇ ಎಣ್ಣೆಯಲ್ಲಿ ಕರಿದದ್ದು. ಗಿರಾಕಿ ಹೆಚ್ಚಿರುವ ಕಡೆ ಹೋಗಿ, ಅಥವಾ ಮುಂಚೆಯೇ ಹೇಳಿಡಿ. ಬಾಟಿಯನ್ನು ಕೈಯಲ್ಲಿ ಪುಡಿಮಾಡಿ, ತುಪ್ಪ ಹಾಕಿ, ಆಮೇಲೆ ದಾಲ್. ಎರಡು ಬಾಟಿ ಮೀರಬೇಡಿ. ಚಳಿಗಾಲದಲ್ಲಿ ಈ ಮೇವಾಡ ಸೀಮೆಯ ಮೆಕ್ಕೆಜೋಳದ ರೊಟ್ಟಿಯನ್ನೂ ಕೇಳಿ ನೋಡಿ.

ಜೈಪುರಕ್ಕೆ ಹೊರಡುವ ದಿನ ರಾಜಸಮಂದ್, ಬ್ಯಾವರ್, ಅಜ್ಮೇರ್ ದಾರಿ ಹಿಡಿಯಿರಿ. ಬ್ಯಾವರಿನ ತಿಲ್‌ಪಟ್ಟಿ ಕಾಗದದಷ್ಟು ತೆಳ್ಳಗಿನ ಎಳ್ಳಿನ ಹಾಳೆ. ಅಜ್ಮೇರಿನಲ್ಲಿ ಕಚೋರಿ ಪುಡಿಮಾಡಿ ಮೇಲೆ ಬಿಸಿ ಕಢಿ ಸುರಿದು ಕೊಡುತ್ತಾರೆ. ಜೈಪುರದ ಈರುಳ್ಳಿ ಕಚೋರಿ ಬೆಳಗಿನದು, ಸಂಜೆಗೆ ಎಣ್ಣೆ ಇಳಿದು ಸೊರಗಿರುತ್ತದೆ. ಜೋಧಪುರದ ಹೆಸರಿನ ಮಿರ್ಚಿ ಬಡಾ ದಾರಿಯುದ್ದಕ್ಕೂ ಸಿಗುತ್ತದೆ. ದಪ್ಪ ಮೆಣಸಿನಕಾಯಿ, ಒಳಗೆ ಆಲೂಗಡ್ಡೆ, ಒಂದೇ ತಿಂದರೆ ಊಟವಾದೀತು. ಮಂಡಕ್ಕಿ ಜೊತೆ ನಾಲ್ಕು ನುಂಗುವ ದಾವಣಗೆರೆ ಲೆಕ್ಕ ಇಲ್ಲಿ ನಡೆಯದು.

ಹೊಟ್ಟೆ ಮತ್ತು ಸ್ಟಿಯರಿಂಗ್

ಹೊಟ್ಟೆ ಕೆಡುವುದು ಹೆಚ್ಚಾಗಿ ಹೊಸ ಅಡುಗೆಯಿಂದಲ್ಲ, ನೀರಿನಿಂದ ಮತ್ತು ಆರಿದ ಪದಾರ್ಥದಿಂದ. ಕಣ್ಣೆದುರು ಕಾವಲಿಯಿಂದ, ಎಣ್ಣೆಯಿಂದ, ಹಬೆಯಿಂದ ಇಳಿದದ್ದನ್ನು ಧೈರ್ಯವಾಗಿ ತಿನ್ನಿ. ಅನುಮಾನಿಸಬೇಕಾದ್ದು ಪಕ್ಕವಾದ್ಯಗಳನ್ನು: ಹೆಚ್ಚಿಟ್ಟ ಈರುಳ್ಳಿ, ನೀರು ಬೆರೆಸಿದ ಹಸಿರು ಚಟ್ನಿ, ಐಸ್ ಹಾಕಿದ ಮಜ್ಜಿಗೆ. ಬೆಳಗ್ಗೆ ಮಾಡಿದ ತೆಂಗಿನ ಚಟ್ನಿ ಮಧ್ಯಾಹ್ನಕ್ಕೆ ಬೇಡ. ಒಂದು ಹೊತ್ತಿಗೆ ಹೊಸದು ಒಂದೇ, ಮೂರು ಹೊಸದನ್ನು ಒಟ್ಟಿಗೆ ತಿಂದರೆ ಕೆಟ್ಟದ್ದು ಯಾವುದು ಎಂದು ತಿಳಿಯುವುದೇ ಇಲ್ಲ. ಒಆರ್‌ಎಸ್ ಪೊಟ್ಟಣ ಆರು ಇರಲಿ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಒಂದು ಪೊಟ್ಟಣ ಪೂರ್ತಿ ಹಾಕಿ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟಸವಾಗಿರಲಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಅಮ್ಮ ಮಂಕಾದರೆ ಮುಂದಿನ ಊರಿಗೆ ಕಾಯದೆ ವೈದ್ಯರಲ್ಲಿಗೆ ಹೋಗಿ.

ಕಾರು ಓಡಿಸುವವರು ಮಧ್ಯಾಹ್ನ ಅರ್ಧ ಹೊಟ್ಟೆಯೇ ಉಣ್ಣಬೇಕು. ಊಟವಾದ ಮೇಲೆ ಎರಡರಿಂದ ನಾಲ್ಕರವರೆಗೆ ಮೊದಲೇ ನಿದ್ದೆ ಎಳೆಯುವ ಹೊತ್ತು, ಬಾಟಿ–ತುಪ್ಪ ಅಥವಾ ಮಟನ್ ತಾಟ ಅದಕ್ಕೆ ಜೋಗುಳ ಹಾಡುತ್ತದೆ. ಭಾರದ ಊಟವನ್ನು ಉಳಿಯುವ ಊರಿಗೆ ಇಟ್ಟುಕೊಳ್ಳಿ, ಓಡಿಸುವ ದಿನ ತಿಂಡಿಗಳ ಮೇಲೆ ನಡೆಯಲಿ.

ಡಬ್ಬಿಯಲ್ಲಿ ಏನಿರಬೇಕು ಎಂದರೆ: ಕಡಕ್ ಜೋಳದ ರೊಟ್ಟಿ 30, ಶೇಂಗಾ ಚಟ್ನಿಪುಡಿ ಮತ್ತು ಗುರೆಳ್ಳು ಚಟ್ನಿಪುಡಿ ಕಾಲು ಕಾಲು ಕಿಲೋ, ಒಗ್ಗರಣೆ ಹಾಕದ ಬರೀ ಮಂಡಕ್ಕಿ ಒಂದು ದೊಡ್ಡ ಸ್ಟೀಲ್ ಡಬ್ಬಿ. ಖಾರ ಮಂಡಕ್ಕಿಯನ್ನೇ ಕಲಸಿ ಒಯ್ಯಬೇಡಿ, ಕರಾವಳಿಗೆ ಹತ್ತಿರದ ಮುಂಬಯಿ–ಸೂರತ್ ಪಟ್ಟಿಯ ಹವೆಗೆ ಮಂಡಕ್ಕಿ ತೇವ ಹೀರಿ ನಾರಾಗುತ್ತದೆ. ಮಸಾಲೆ, ಹುರಿಗಡಲೆ ಪುಡಿ ಬೇರೆ ಇಟ್ಟುಕೊಂಡು ಬೇಕಾದಾಗ ಕಲಸಿ. ಮೆತ್ತಗಾದ ಮಂಡಕ್ಕಿಯನ್ನು ಒಣ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ. ಲಾಡ್ಜಿನ ಅಡುಗೆಮನೆಯಲ್ಲಿ ವಿನಂತಿಸಿದರೆ ಇಲ್ಲ ಎನ್ನುವವರು ಕಡಿಮೆ, ಬದಲಿಗೆ ಒಂದು ಹಿಡಿ ಅವರಿಗೂ ಕೊಡಿ.

ಕೊಳ್ಳುವುದೆಲ್ಲ ಬರುವ ದಾರಿಯಲ್ಲಿ. ತಿಲ್‌ಪಟ್ಟಿ, ಖಾರೀ ಸಿಂಗ್, ಕೊಲ್ಹಾಪುರದ ಬೆಲ್ಲ ಕಾರಿನ ಡಿಕ್ಕಿಯಲ್ಲಿ ತಾಳುತ್ತವೆ. ತಿಲ್‌ಪಟ್ಟಿ ಮಾತ್ರ ಬಟ್ಟೆಗಳ ನಡುವೆ ಮಟ್ಟಸವಾಗಿಡಿ, ಇಲ್ಲವಾದರೆ ಊರಿಗೆ ಪುಡಿಯೇ ಬರುತ್ತದೆ. ಹಾಲಿನ ಸಿಹಿಗಳು ಹಾಗಲ್ಲ. ಬೆಳಗಾವಿ ಕುಂದಾ ತೇವದ ಸಿಹಿ, ತಂಪಿಲ್ಲದಿದ್ದರೆ ಹೆಚ್ಚು ದಿನ ತಾಳದು. ಧಾರವಾಡ ಪೇಢಾ ಚೆನ್ನಾಗಿ ಹುರಿದದ್ದು, ಅದಕ್ಕಿಂತ ಕೆಲವು ದಿನ ಹೆಚ್ಚು ತಡೆಯುತ್ತದೆ. ಎರಡನ್ನೂ ಕೊನೆಯ ದಿನ, ಮನೆ ನಾಲ್ಕೈದು ಗಂಟೆ ದೂರ ಇರುವಾಗ ಕೊಳ್ಳಿ. ಅದೇ ದಿನ ಸಂಜೆ ಐದಕ್ಕೆ ಹುಬ್ಬಳ್ಳಿ ಬರುವಂತೆ ನೋಡಿಕೊಂಡರೆ, ಹೋಗುವಾಗ ಬಿಟ್ಟುಹೋದ ಗಿರ್ಮಿಟ್ ಕೂಡ ಸಿಕ್ಕೀತು.